ನಿಮ್ಮ ಪುಟಾಣಿ ರೈಲು ಯಾವ ಇಸವಿಯದು? ಕೋಲಾರ–ಚಿಕ್ಕಬಳ್ಳಾಪುರ ಸೀಮೆಯ ಮಾದರಿ ರೈಲು ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಲೇಔಟ್ ಅಂದ್ರೆ ಸೈಟ್ ವ್ಯವಹಾರವಾ?

ಅಲ್ಲಪ್ಪಾ. ಮಾದರಿ ರೈಲು ಓಡಿಸೋಕೆ ಹಳಿ, ಊರು ಎಲ್ಲ ಕಟ್ಟಿದ ಹಲಗೆಗೆ ನಾವು ಲೇಔಟ್ ಅನ್ನುತ್ತೇವೆ. ಆದರೆ ಈ ಪ್ರಶ್ನೆಯನ್ನು ನಾನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಚಿಕ್ಕಬಳ್ಳಾಪುರದಲ್ಲಿ ಮೊದಲ ಸಲ "ಲೇಔಟ್ ಮಾಡ್ತಿದ್ದೀನಿ" ಅಂದಾಗ ನಮ್ಮ ಚಿಕ್ಕಪ್ಪ ಕೇಳಿದ್ದು, "ಚದರಡಿ ಎಷ್ಟಕ್ಕೆ? ಖಾತೆ ಆಗಿದೆಯಾ?" ನನ್ನ ಲೇಔಟ್ ಆರು ಅಡಿ ಉದ್ದ, ಎರಡು ಅಡಿ ಅಗಲದ ಪ್ಲೈವುಡ್ ಹಲಗೆ. ಅದರ ಮೇಲೆ ಒಂದು ಪುಟ್ಟ ಸ್ಟೇಷನ್, ಒಂದು ಕೆರೆ, ನಾಲ್ಕು ಮನೆ, ಒಂದು ಅರಳಿಕಟ್ಟೆ. ಕೆರೆ ಒತ್ತುವರಿ ಮಾಡಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.

ಕಾಲ, ಇಸವಿ ಅಂತ ಯಾಕೆ ತಲೆ ಕೆಡಿಸಿಕೊಳ್ಳಬೇಕು? ನೋಡೋಕೆ ಚೆನ್ನಾಗಿದ್ದರೆ ಸಾಲದಾ?

ಸಾಕು. ಯಾರೂ ದಂಡ ಹಾಕುವುದಿಲ್ಲ. ಆದರೆ ಒಂದು ಕೆಲಸ ಮಾಡಿ ನೋಡಿ. ನಿಮ್ಮ ಮಾದರಿಯನ್ನು ಎಪ್ಪತ್ತು ದಾಟಿದ ಒಬ್ಬ ಅಜ್ಜಿಗೆ ತೋರಿಸಿ. ಉಗಿ ಎಂಜಿನ್ ಪಕ್ಕದಲ್ಲೇ ಮನೆ ಮೇಲೆ ಕರೀ ಪ್ಲಾಸ್ಟಿಕ್ ನೀರಿನ ಟ್ಯಾಂಕ್ ಇದ್ದರೆ ಅವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಯಾಕೆ ಅಂತ ಹೇಳೋಕೆ ಬರದಿರಬಹುದು, ಆದರೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಸಿಂಟೆಕ್ಸ್ ಟ್ಯಾಂಕ್ ಬಂದದ್ದೇ 1975ರಲ್ಲಿ.

ಒಂದು ಕಾಲವನ್ನು ಹುಡುಕುವುದು ಅಂದರೆ ಆಗ ಏನೇನು ಇತ್ತು ಅಂತ ಪಟ್ಟಿ ಮಾಡುವುದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಸುಲಭದ ಅರ್ಧ. ಆಗ ಏನೇನು ಇರಲಿಲ್ಲ ಅಂತ ಪಟ್ಟಿ ಮಾಡುವುದು ಕಷ್ಟದ ಅರ್ಧ. ಮಾದರಿ ಕೆಡುವುದು ಯಾವಾಗಲೂ ಅಲ್ಲೇ.

ನಮ್ಮ ಸೀಮೆಯಲ್ಲಿ ಯಾವ ಯಾವ ಕಾಲ ಆರಿಸಬಹುದು?

ಬೇಕಾದಷ್ಟಿದೆ. ಒಂದೇ ಸೀಮೆಯಲ್ಲಿ ಮೂರು ಗೇಜ್, ಅಂದರೆ ಎರಡು ಹಳಿಗಳ ನಡುವೆ ಮೂರು ಬೇರೆ ಬೇರೆ ಅಗಲದ ರೈಲು, ಓಡಿದ ಜಾಗ ನಮ್ಮದು.

ಬ್ರಾಡ್ ಗೇಜ್ ಇಷ್ಟವಾದರೆ ಬಂಗಾರಪೇಟೆ. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ 1864ರಲ್ಲಿ ಹಳಿ ಬಂತು. ಆಗಿನ ಮೈಸೂರು ಕಮಿಷನರ್ ಬೌರಿಂಗ್ ಹೆಸರಲ್ಲಿ ಈ ಊರು ಬೌರಿಂಗ್‌ಪೇಟೆ ಆಗಿತ್ತು. ಅಲ್ಲಿಂದ ಚಿನ್ನದ ಗಣಿ ಕಡೆಗೆ, ಮಾರಿಕುಪ್ಪಂವರೆಗೆ 1894ರಲ್ಲಿ ಕವಲು ಹೊರಟಿತು. ಗಣಿಗೆ ಶಿವನಸಮುದ್ರದ ಕರೆಂಟು ಬಂದದ್ದು 1902ರಲ್ಲಿ. ಹಾಗಾಗಿ 1900ರ ಕೆಜಿಎಫ್ ಮಾಡಿ ಬೀದಿ ತುಂಬಾ ಬಲ್ಬು ಹಚ್ಚಬೇಡಿ. 1905 ಅಂತ ಇಟ್ಟುಕೊಂಡರೆ ಗಣಿ ಕಡೆ ಕಂಬ, ತಂತಿ ಧಾರಾಳವಾಗಿ ಎಳೆಯಬಹುದು.

ಮೀಟರ್ ಗೇಜ್ ಬೇಕಾದರೆ ತುಮಕೂರು. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ರೈಲು ಬಂತು, 1889ರ ಹೊತ್ತಿಗೆ ಹರಿಹರ ಮುಟ್ಟಿತು. ಗೌರಿಬಿದನೂರಿನ ಮೇಲೆ ಹಿಂದೂಪುರ, ಗುಂತಕಲ್ ಕಡೆ ಹೋಗುವ ಹಳಿಯೂ ಮೀಟರ್ ಗೇಜೇ ಆಗಿತ್ತು.

ನನ್ನ ಮನಸ್ಸು ಕದ್ದದ್ದು ಮಾತ್ರ ಚಿಕ್ಕ ರೈಲು. 762 ಮಿಲಿಮೀಟರ್, ಅಂದರೆ ಎರಡೂವರೆ ಅಡಿ ಅಗಲದ ನ್ಯಾರೋ ಗೇಜ್. ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಶುರುವಾಯಿತು. ಮುಂದಿನ ಎರಡು ಮೂರು ವರ್ಷದಲ್ಲಿ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರಕ್ಕೆ ಬಂತು. ಈ ಕಡೆಯಿಂದ ನಂದಿ ಹಾಲ್ಟ್, ದೇವನಹಳ್ಳಿ ಮೇಲೆ ಯಲಹಂಕಕ್ಕೆ ಇನ್ನೊಂದು ತುದಿ ಕೂಡಿತು. 1990ರ ದಶಕದವರೆಗೂ ಇದು ಓಡಿದೆ. ಈಗಿರುವುದು ಬ್ರಾಡ್ ಗೇಜ್. ಕೋಲಾರ–ಚಿಕ್ಕಬಳ್ಳಾಪುರ ನಡುವೆ ಅದು ಶುರುವಾದದ್ದು 2013ರ ನವೆಂಬರ್‌ನಲ್ಲಿ. ಮಧ್ಯದ ಅಷ್ಟೂ ವರ್ಷ ಆ ದಾರಿಯಲ್ಲಿ ರೈಲೇ ಇಲ್ಲ. ಖಾಲಿ ದಿಬ್ಬ, ಕಿತ್ತ ಹಳಿ, ಮೇಯುವ ಮೇಕೆ. ಅದನ್ನೂ ಮಾದರಿ ಮಾಡಬಹುದು ಅಂತ ನನ್ನ ವಾದ. ಮನೆಯವರು ಒಪ್ಪಿಲ್ಲ.

ದಶಕ ಆರಿಸಿದರೆ ಸಾಲದಾ? ತಿಂಗಳೂ ಬೇಕಾ?

ಬೇಕು. "ಎಪ್ಪತ್ತರ ದಶಕ" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಆ ಹತ್ತು ವರ್ಷದ ಶುರುವಿನಲ್ಲಿ ರಾಜ್ಯದ ಹೆಸರು ಮೈಸೂರು, 1973ರ ನವೆಂಬರ್ 1ರಿಂದ ಕರ್ನಾಟಕ. ಬೋಗಿಯ ಮೇಲೆ ಥರ್ಡ್ ಕ್ಲಾಸ್ ಅಂತ ಮೂರು ಗೆರೆ ಇತ್ತು, 1974ರಲ್ಲಿ ಥರ್ಡ್ ಕ್ಲಾಸೇ ಹೋಗಿ ಎಲ್ಲ ಸೆಕೆಂಡ್ ಕ್ಲಾಸ್ ಆಯಿತು. ಬಸ್ಸಿನ ಮೇಲೆ ಬರೆದ ನಿಗಮದ ಹೆಸರೂ ಬದಲಾಯಿತು. ಒಂದೇ ಹಲಗೆ ಮೇಲೆ ಕರ್ನಾಟಕ ಅಂತ ಬರೆದ ಬಸ್ಸು, ಪಕ್ಕದಲ್ಲಿ ಥರ್ಡ್ ಕ್ಲಾಸ್ ಬೋಗಿ, ಎರಡೂ ಒಟ್ಟಿಗೆ ನಿಲ್ಲಬೇಕಾದರೆ ನಿಮಗೆ ಸಿಗುವುದು ಕೆಲವೇ ತಿಂಗಳು.

ಇನ್ನು ತಿಂಗಳು ಯಾಕೆ ಅಂದರೆ, ನಮ್ಮ ನೆಲದ ಬಣ್ಣ ತಿಂಗಳಿಗೊಂದು. ಜೂನ್‌ನಲ್ಲಿ ಉತ್ತ ಕೆಮ್ಮಣ್ಣು. ಸೆಪ್ಟೆಂಬರ್‌ನಲ್ಲಿ ರಾಗಿ ಹಸಿರು. ಡಿಸೆಂಬರ್‌ಗೆ ಹೊಲ ಬೋಳು, ಕಣದ ಪಕ್ಕ ಮೆದೆ, ಬೇಲಿ ಸಾಲಲ್ಲಿ ಅವರೆ ಗಿಡ, ಬೆಳಿಗ್ಗೆ ಮಂಜು. ಅಂಗಡಿಯಲ್ಲಿ ಸಿಗುವ ಹಸಿರು ಪುಡಿಯನ್ನು ಹಲಗೆ ತುಂಬಾ ಉದುರಿಸಿದರೆ ಅದು ಯಾವ ದೇಶವೋ ಆಗುತ್ತದೆ, ಕೋಲಾರ ಆಗುವುದಿಲ್ಲ. ನನ್ನ ಹಲಗೆ 1970ರ ಡಿಸೆಂಬರ್. ಅದು 1970 ಹೇಗಾಯಿತು ಅನ್ನುವುದು ಬೇರೆ ಕಥೆ, ಕೊನೆಗೆ ಹೇಳುತ್ತೇನೆ.

ಯಾವ ಸ್ಕೇಲ್ ತೆಗೆದುಕೊಳ್ಳಲಿ?

ಕಾಲ ಮತ್ತು ಗೇಜ್ ತೀರ್ಮಾನವಾದ ಮೇಲೆ ಲೆಕ್ಕ ಮಾಡಿ. ಎಚ್‌ಒ ಸ್ಕೇಲ್ ಅಂದರೆ ನಿಜವಾದ ಅಳತೆಯ 87ರಲ್ಲಿ ಒಂದು ಪಾಲು. 762ನ್ನು 87ರಿಂದ ಭಾಗಿಸಿದರೆ 8.76. ಸಣ್ಣ ಎನ್ ಸ್ಕೇಲ್ ಹಳಿಯ ಅಗಲ 9 ಮಿಲಿಮೀಟರ್. ಅದನ್ನೇ ತಂದು ಹಾಕಿದರೆ ನಮ್ಮ ಚಿಕ್ಕ ರೈಲಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಮೀಟರ್ ಗೇಜ್‌ಗೆ 12 ಮಿಲಿಮೀಟರ್ ಹಳಿ ಹತ್ತಿರ. ಬ್ರಾಡ್ ಗೇಜ್ ಪಾಡು ಮಾತ್ರ ಬೇಡ. ಲೆಕ್ಕದ ಪ್ರಕಾರ 19 ಮಿಲಿಮೀಟರ್ ಮೇಲೆ ಬೇಕು, ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ 16.5. ಬಹಳ ಜನ ಕಣ್ಣು ಮುಚ್ಚಿಕೊಂಡು ಅದನ್ನೇ ಹಾಕುತ್ತಾರೆ. ತಪ್ಪೇನಿಲ್ಲ.

ಹಳೇ ಫೋಟೋ ಸಿಕ್ಕಿದೆ. ಹಿಂದೆ ಇಸವಿ ಬರೆದಿಲ್ಲ. ಹೇಗೆ ಕಂಡುಹಿಡಿಯಲಿ?

ನನಗೆ ಬಹಳ ಇಷ್ಟದ ಕೆಲಸ ಇದು, ಸ್ವಲ್ಪ ಉದ್ದ ಹೇಳುತ್ತೇನೆ.

ಮೊದಲು ರೈಲನ್ನು ನೋಡಲೇಬೇಡಿ. ಎಂಜಿನ್ ನಲವತ್ತು ವರ್ಷ ಹಾಗೇ ಇರುತ್ತದೆ, ಅದರಿಂದ ಇಸವಿ ಸಿಗುವುದು ಕಷ್ಟ. ಹಿಂದಿನ ಗೋಡೆ ನೋಡಿ, ಅಂಗಡಿ ಬೋರ್ಡು ನೋಡಿ, ಜನರ ಕೈಯಲ್ಲಿರುವುದನ್ನು ನೋಡಿ.

ನನ್ನ ಹತ್ತಿರ ನೆಂಟರ ಮನೆ ಆಲ್ಬಂನಿಂದ ಬಂದ ಒಂದು ಕಪ್ಪು ಬಿಳುಪು ಫೋಟೋ ಇದೆ. ಮದುವೆ ದಿಬ್ಬಣ ರೈಲಿಗೆ ಕಾಯುತ್ತಿದೆ. ಟ್ರಂಕು, ಹಾಸಿಗೆ ಸುರುಳಿ, ಬುಟ್ಟಿ, ಮುಖ ಗಂಟು ಹಾಕಿಕೊಂಡ ಒಬ್ಬ ಬೀಗರು. ಭೂತಗನ್ನಡಿ ಹಿಡಿದು ಎರಡು ಸಂಜೆ ಕೂತೆ. ಬೀಗರ ಭುಜದ ಹಿಂದೆ ಗೋಡೆ ಮೇಲೆ ಒಂದು ಚಿತ್ರ, ಅರ್ಧ ಅಳಿಸಿದ್ದು. ನೊಗ ಹೊತ್ತ ಜೋಡೆತ್ತು. ಅದು 1969ರಲ್ಲಿ ಕಾಂಗ್ರೆಸ್ ಒಡೆಯುವವರೆಗೆ ಇದ್ದ ಗುರುತು. 1971ರ ಚುನಾವಣೆಗೆ ಇಂದಿರಾ ಗಾಂಧಿ ಪಕ್ಷದ ಗುರುತು ಹಸು-ಕರು ಆಯಿತು. ಕೈ ಬಂದದ್ದು 1978ರಲ್ಲಿ.

ಇಲ್ಲಿ ಒಂದು ಎಚ್ಚರ. ಗೋಡೆಯ ಬಣ್ಣ ಹತ್ತು ವರ್ಷ ಉಳಿಯುತ್ತದೆ. ಹಸು-ಕರು ಕಂಡರೆ ಫೋಟೋ 1971ಕ್ಕಿಂತ ಹಿಂದಿನದಲ್ಲ ಅಂತ ಗ್ಯಾರಂಟಿ. ಜೋಡೆತ್ತು ಕಂಡರೆ 1969ರ ಒಳಗಿನದು ಅಂತ ಹೇಳೋಕಾಗಲ್ಲ. ಗೋಡೆ ಮೇಲಿನ ಯಾವ ಸುಳಿವಾದರೂ "ಇದಕ್ಕಿಂತ ಹಿಂದಿನದಲ್ಲ" ಅಂತ ಮಾತ್ರ ಹೇಳುತ್ತದೆ. "ಇದಕ್ಕಿಂತ ಈಚೆಯದಲ್ಲ" ಅಂತ ಹೇಳಬೇಕಾದರೆ ಕಾಣದೇ ಇರುವುದನ್ನು ಹುಡುಕಬೇಕು.

ನನಗೆ ಕೆಲಸಕ್ಕೆ ಬಂದ ಇನ್ನಷ್ಟು ಸುಳಿವು: ಗೋಡೆ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಇದ್ದರೆ ಅದು 1960ರ ದಶಕದ ಕೊನೆಯಿಂದ ಈಚೆಗೆ. ಅಂಗಡಿ ಬೋರ್ಡಿನಲ್ಲಿ, ಬಿಲ್ಲಿನಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರ. ಟಿಕೆಟ್ ಮೇಲೆ ಆಣೆ ಇದ್ದರೆ 1957ರ ಏಪ್ರಿಲ್‌ಗಿಂತ ಹಿಂದೆ. ನಯಾ ಪೈಸೆ ಅಂತ ಇದ್ದರೆ ಅಲ್ಲಿಂದ 1964ರ ಒಳಗೆ, ಬರೀ ಪೈಸೆ ಅಂದರೆ ಆಮೇಲೆ. ಗಾಡಿ ನಂಬರ್ ಎಂವೈ ಅಕ್ಷರದಿಂದ ಶುರುವಾದರೆ ಮೈಸೂರು ರಾಜ್ಯದ ಕಾಲದ ನೋಂದಣಿ. ಕೋಲಾರದ ಕೆಎ 07 ಎಲ್ಲ 1989ರ ಮೇಲೆ. ಚಿಕ್ಕಬಳ್ಳಾಪುರದ ಕೆಎ 40 ಇನ್ನೂ ಈಚಿನದು. ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದೇ 2007ರಲ್ಲಿ. ಅದಕ್ಕೂ ಮುಂಚಿನ ಮಾದರಿಯಲ್ಲಿ ನಮ್ಮ ಊರಿನ ಯಾವ ಬೋರ್ಡಿಗಾದರೂ "ಜಿಲ್ಲೆ: ಕೋಲಾರ" ಅಂತಲೇ ಬರೆಯಬೇಕು. ನಾನು ಇದನ್ನೂ ಒಂದು ಸಲ ತಪ್ಪು ಬರೆದಿದ್ದೆ.

ಕಪ್ಪು ಬಿಳುಪು ಫೋಟೋದಿಂದ ಬಣ್ಣ ಹೇಗೆ ಗೊತ್ತಾಗುತ್ತದೆ?

ಗೊತ್ತಾಗಲ್ಲ. ಸುಮ್ನೆ ಊಹಿಸಬೇಡಿ. ಬಹಳ ಹಳೆಯ ಫಿಲ್ಮುಗಳಿಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಹಾಗಾಗಿ ಕಡುಗೆಂಪು ಬೋಗಿ ಫೋಟೋದಲ್ಲಿ ಇದ್ದಿಲಿನ ಹಾಗೆ ಕಪ್ಪಾಗಿ ಬರುತ್ತದೆ, ಆಕಾಶ ನೀಲಿ ಬಿಳಿಯಾಗಿ ಬರುತ್ತದೆ.

ಹಳೇ ಕಟ್ಟಡದಲ್ಲಿ ಬಣ್ಣ ತಾನಾಗೇ ಎದ್ದ ಜಾಗ ಹುಡುಕಿ. ಬಾಗಿಲ ಚೌಕಟ್ಟಿನ ಮೂಲೆ, ಕಿಟಕಿ ಸರಳು ಗೋಡೆಗೆ ಸೇರುವ ಕಡೆ. ಸಿಪ್ಪೆ ಎದ್ದ ಅಂಚಿನಲ್ಲಿ ಪದರಗಳು ಈರುಳ್ಳಿ ತರ ಕಾಣುತ್ತವೆ: ಮೇಲೆ ಹಳದಿ, ಕೆಳಗೆ ತಿಳಿ ನೀಲಿ, ಅದರ ಕೆಳಗೆ ಸುಣ್ಣ. ನೋಡಿ, ಫೋಟೋ ತೆಗೆದುಕೊಳ್ಳಿ. ಉಗುರು ಹಾಕಬೇಡಿ. ನಿಮ್ಮ ಸಂಶೋಧನೆಗೆ ಅಂತ ನೂರು ವರ್ಷದ ಗೋಡೆ ಕೆರೆಯುವ ಹಕ್ಕು ಯಾರಿಗೂ ಇಲ್ಲ.

ನಕ್ಷೆ, ದಾಖಲೆ ಎಲ್ಲಿ ಸಿಗುತ್ತವೆ?

ಮೊದಲು ಸರ್ವೆ ಆಫ್ ಇಂಡಿಯಾದ ಟೋಪೋ ಶೀಟ್. ಚಿಕ್ಕಬಳ್ಳಾಪುರ, ತುಮಕೂರು 57 ಜಿ ಶೀಟಿನಲ್ಲಿ, ಕೋಲಾರ 57 ಕೆ ಶೀಟಿನಲ್ಲಿ ಬರುತ್ತವೆ. ಬಂಗಾರಪೇಟೆ ಸ್ವಲ್ಪದರಲ್ಲೇ ಕೆಳಗೆ ಜಾರಿ 57 ಎಲ್‌ಗೆ ಹೋಗುತ್ತದೆ, ಅದನ್ನು ತಿಳಿಯದೆ ನಾನು ಕೋಲಾರದ ಶೀಟಿನಲ್ಲಿ ಅರ್ಧ ದಿನ ಹುಡುಕಿದ್ದೆ. ಹಳೆಯವು ಒಂದು ಅಂಗುಲಕ್ಕೆ ಒಂದು ಮೈಲಿ. ಹಳಿ, ಕೆರೆ, ಬಾವಿ, ಗುಡಿ, ತೋಪು, ದಿಬ್ಬ ಎಲ್ಲ ಇರುತ್ತವೆ. ಅಂಚಿನಲ್ಲಿ ಎರಡು ಇಸವಿ ಇರುತ್ತವೆ, ಸರ್ವೆ ಮಾಡಿದ್ದು ಬೇರೆ, ಅಚ್ಚಾದದ್ದು ಬೇರೆ. ನಂಬಬೇಕಾದ್ದು ಸರ್ವೆಯ ಇಸವಿಯನ್ನು.

ಆಮೇಲೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ. ಮೈಸೂರು ಸಂಸ್ಥಾನದ ಕಾಲದ ಕಡತಗಳಿಗೆ ಅಲ್ಲಿಗೇ ಹೋಗಬೇಕು. ಒಂದು ದಿನದಲ್ಲಿ ಮುಗಿಸುತ್ತೇನೆ ಅಂತ ಹೋಗಬೇಡಿ, ತಿಂಡಿ ತಿಂದುಕೊಂಡು ಹೋಗಿ.

ಹಳೇ ರೈಲ್ವೆ ಟೈಮ್ ಟೇಬಲ್ ರದ್ದಿ ಅಂಗಡಿಯಲ್ಲಿ ಕಂಡರೆ ಬಿಡಬೇಡಿ. ದಿನಕ್ಕೆ ಎಷ್ಟು ಗಾಡಿ, ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತಿತ್ತು ಅಂತ ಅದೊಂದೇ ಹೇಳುತ್ತದೆ. ಗಟ್ಟಿ ರಟ್ಟಿನ ಟಿಕೆಟ್ ಸಿಕ್ಕರೂ ಇಟ್ಟುಕೊಳ್ಳಿ. 57 ಮಿಲಿಮೀಟರ್ ಉದ್ದ, 30 ಅಗಲ. ಸ್ಟೇಷನ್ ಹೆಸರು, ಕ್ಲಾಸು, ದರ, ಒತ್ತಿದ ತಾರೀಖು, ಬೆರಳುದ್ದದ ಚೂರಿನಲ್ಲಿ ಇಷ್ಟೆಲ್ಲ.

ಮುಟ್ಟಿ ನೋಡಬೇಕು ಅಂದರೆ ಮೈಸೂರಿನ ರೈಲು ಮ್ಯೂಸಿಯಂ. 1979ರಿಂದ ಇದೆ. 1899ರ ಮಹಾರಾಣಿ ಸಲೂನ್ ಅಲ್ಲೇ ಇರುವುದು. ಟೇಪು, ಪೆನ್ಸಿಲ್ ಒಯ್ಯಿರಿ, ಮಕ್ಕಳನ್ನು ಬೇರೆ ದಿನ ಕರೆದುಕೊಂಡು ಹೋಗಿ.

ಹಿರಿಯರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾರನ್ನು ನಂಬಲಿ?

ಇಸವಿ ಕೇಳಿದರೆ ಯಾರನ್ನೂ ನಂಬಬೇಡಿ. "ಯಾವ ವರ್ಷ ತಾತಾ?" ಅಂದರೆ ಬಾಯಿಗೆ ಬಂದದ್ದು ಹೇಳುತ್ತಾರೆ. "ನಿಮ್ಮ ಮದುವೆಗೆ ಮುಂಚೆಯೋ ಆಮೇಲೋ?", "ದೊಡ್ಡ ಮಗಳು ಹುಟ್ಟಿದ್ದಳಾ?", "ಕೆರೆ ಕೋಡಿ ಬಿದ್ದ ವರ್ಷವಾ?" ಅಂತ ಕೇಳಿ. ತಕ್ಷಣ ಕರಾರುವಾಕ್ಕಾಗಿ ಬರುತ್ತದೆ. ಆಮೇಲೆ ಮಗಳ ವಯಸ್ಸಿನಿಂದ ಲೆಕ್ಕ ಹಾಕಿಕೊಳ್ಳಿ.

ಇನ್ನೊಂದು, ಕೈಯಲ್ಲಿ ಏನಾದರೂ ವಸ್ತು ಇಟ್ಟುಕೊಂಡು ಹೋಗಿ. ನಮ್ಮ ಬೀದಿಯಲ್ಲಿ ಗ್ಯಾಂಗ್‌ಮನ್ ಆಗಿದ್ದ ತಾತ ಒಬ್ಬರಿದ್ದಾರೆ. ಎರಡು ಸಲ ಹೋಗಿ ಕೂತರೂ "ಏನಿತ್ತಪ್ಪಾ, ರೈಲಿತ್ತು, ಹೋಗ್ತಿತ್ತು" ಅಷ್ಟೇ. ಮೂರನೇ ಸಲ ಹಳಿಯ ಪಕ್ಕ ಸಿಕ್ಕ ತುಕ್ಕು ಹಿಡಿದ ಒಂದು ಮೊಳೆ ಕೈಗಿಟ್ಟೆ. ತಿರುಗಿಸಿ ನೋಡಿದರು, ಹೆಬ್ಬೆರಳಲ್ಲಿ ತಲೆ ಉಜ್ಜಿದರು. ಆಮೇಲೆ ಒಂದೂವರೆ ಗಂಟೆ ನಿಲ್ಲಿಸಲಿಲ್ಲ. ಏರಿನಲ್ಲಿ ರೈಲು ನಿಧಾನವಾದಾಗ ಹುಡುಗರು ಇಳಿದು, ಹುಣಸೆಕಾಯಿ ಕಿತ್ತು, ಓಡಿ ಹತ್ತುತ್ತಿದ್ದದ್ದು, ಹಾಗೆ ಹತ್ತಿದವರಲ್ಲಿ ಅವರೂ ಒಬ್ಬರಾಗಿದ್ದದ್ದು. ಈ ಮಾತು ಕೇಳಿದ ಮೇಲೆ ನನ್ನ ಹಲಗೆಯಲ್ಲಿ ಹಳಿ ಪಕ್ಕ ಒಂದು ಹುಣಸೆ ಮರ ಬಂತು.

ಚಿಂತಾಮಣಿ, ಶ್ರೀನಿವಾಸಪುರದ ಕಡೆ ಹೋದರೆ ತೆಲುಗಿನಲ್ಲಿ ಮಾತು ಶುರು ಮಾಡಿ. ಕೆಜಿಎಫ್‌ನಲ್ಲಿ ತಮಿಳು ಬಲ್ಲವರನ್ನು ಜೊತೆಗೆ ಕರೆದುಕೊಳ್ಳಿ. ಕನ್ನಡ ಎಲ್ಲರಿಗೂ ಬರುತ್ತದೆ, ಆದರೆ ನೆನಪು ಬರುವುದು ಮನೆಮಾತಿನಲ್ಲಿ.

ಸ್ಟೇಷನ್ ಕಟ್ಟಡದ ಅಳತೆ ಹೇಗೆ ತೆಗೆಯುವುದು?

ನಂದಿ ಹಾಲ್ಟ್ ಕಟ್ಟಡ ಇನ್ನೂ ನಿಂತಿದೆ, ಹೋಗಿ ನೋಡಿ. ಅಳೆಯುವ ಮೊದಲು ಸಿಬ್ಬಂದಿ ಹತ್ತಿರ ಒಂದು ಮಾತು ಕೇಳಿ. ಹಳಿ ಮೇಲೆ ಓಡಾಡಬೇಡಿ, ರೈಲ್ವೆ ಕಾಯ್ದೆಯಲ್ಲಿ ಅದು ಅಪರಾಧ. ಬಾಗಿಲು, ಕಿಟಕಿ, ಕಂಬದ ಅಂತರ, ಒಂದು ಹೆಂಚಿನ ಅಗಲ, ಇಷ್ಟು ಅಳೆದು ಉಳಿದದ್ದನ್ನು ಎಣಿಸಿ. ಸೂರಿನಲ್ಲಿ ಹೆಂಚು ಎಷ್ಟು ಸಾಲು ಅಂತ ಗೊತ್ತಾದರೆ ಏಣಿ ಬೇಡ.

ಪ್ಲಾಟ್‌ಫಾರಂ ಮಾತ್ರ ಈಗಿನದನ್ನು ನಂಬಬೇಡಿ, ಬ್ರಾಡ್ ಗೇಜ್ ಬಂದಾಗ ಎಲ್ಲ ಬದಲಾಗಿದೆ. ಹಳೇ ಫೋಟೋದಲ್ಲಿ ಹಳಿ ಕಂಡರೆ ಅದೇ ನಿಮ್ಮ ಅಳತೆಗೋಲು. ಒಳ ಅಂಚಿನಿಂದ ಒಳ ಅಂಚಿಗೆ ಎರಡೂವರೆ ಅಡಿ. ಅದೇ ದೂರದಲ್ಲಿರುವ ವಸ್ತುವಿನ ಜೊತೆ ಹೋಲಿಸಿದರೆ ಉಳಿದದ್ದು ಲೆಕ್ಕಕ್ಕೆ ಸಿಗುತ್ತದೆ.

ನಮ್ಮ ಚಿಕ್ಕ ರೈಲಿನ ಎಂಜಿನ್ ಮಾದರಿ ಅಂಗಡಿಯಲ್ಲಿ ಸಿಗುತ್ತದಾ?

ನಾನಂತೂ ಕಂಡಿಲ್ಲ. ಓಡುವ ಚಾಸಿ, ಅಂದರೆ ಚಕ್ರ, ಮೋಟಾರು ಇರುವ ಕೆಳಭಾಗ ಕೊಂಡು, ಮೇಲಿನ ಮೈಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ನಾವೇ ಕಟ್ಟಿಕೊಳ್ಳಬೇಕು.

ರೈಲು ಸರಿ. ಸುತ್ತಲಿನ ಊರನ್ನು ನಮ್ಮೂರು ಅಂತ ಅನ್ನಿಸುವ ಹಾಗೆ ಹೇಗೆ ಮಾಡಲಿ?

ಒಂದು ವಸ್ತು ಹೇಳುತ್ತೇನೆ, ಚಂದ್ರಿಕೆ. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ. ಸುಮಾರು ಆರಡಿಗೆ ನಾಲ್ಕಡಿ. ಮನೆ ಗೋಡೆಗೆ ಒರಗಿಸಿ ಬಿಸಿಲಿಗೆ ಇಟ್ಟಿರುತ್ತಾರೆ. ನನ್ನ ಸ್ಕೇಲಿನಲ್ಲಿ ಅದು 21 ಮಿಲಿಮೀಟರ್‌ಗೆ 14. ಚಹಾ ಸೋಸುವ ಜಾಲರಿಯ ತುಂಡಿನ ಮೇಲೆ ನಾರಿನ ಎಳೆಯನ್ನು ಸುರುಳಿ ಸುತ್ತಿ ಅಂಟಿಸಿದೆ. ಆರು ಮಾಡೋಕೆ ನಾಲ್ಕು ಭಾನುವಾರ ಹಿಡಿಯಿತು. ಬಂದವರು ಎಂಜಿನ್ ನೋಡಿ "ಚೆನ್ನಾಗಿದೆ" ಅನ್ನುತ್ತಾರೆ. ಚಂದ್ರಿಕೆ ನೋಡಿ "ಅಯ್ಯೋ, ಇದು ನಮ್ಮನೆ!" ಅನ್ನುತ್ತಾರೆ.

ಇನ್ನು ನೀಲಗಿರಿ ಮರ. ಕೋಲಾರ ಅಂದರೆ ಸಾಲು ಸಾಲು ನೀಲಗಿರಿ ಅಂತ ನಮ್ಮ ತಲೆಯಲ್ಲಿ ಕೂತಿದೆ. ಆ ತೋಪುಗಳು ಹೊಲ ಹೊಲಕ್ಕೂ ಹಬ್ಬಿದ್ದು ಹೆಚ್ಚಾಗಿ 1980ರ ದಶಕದ ಸಾಮಾಜಿಕ ಅರಣ್ಯದ ಕಾಲದಲ್ಲಿ. 1970ಕ್ಕೆ ಹುಣಸೆ, ಹೊಂಗೆ, ಬೇವು, ಮಾವು ಹಾಕಿ. ನಾನು ಮೂವತ್ತು ನೀಲಗಿರಿ ಮಾಡಿ ನೆಟ್ಟು ಕಿತ್ತಿದ್ದೇನೆ. ಯಾರಿಗಾದರೂ ಬೇಕಾ?

ಎಷ್ಟು ಹುಡುಕಿದರೂ ಗೊತ್ತಾಗದ್ದನ್ನು ಏನು ಮಾಡುವುದು?

ಒಂದು ನೋಟ್‌ಬುಕ್ ಇಡಿ. ಖಚಿತವಾದದ್ದಕ್ಕೆ ನೀಲಿ ಶಾಯಿ, ಊಹೆಗೆ ಪೆನ್ಸಿಲ್, ಸುಮ್ನೆ ಕಟ್ಟಿದ್ದಕ್ಕೆ ಕೆಂಪು. ನನ್ನ ಸ್ಟೇಷನ್ನಿನ ಹೆಸರೇ ಕೆಂಪು. ಚಿಕ್ಕಬಳ್ಳಾಪುರಕ್ಕೂ ಶಿಡ್ಲಘಟ್ಟಕ್ಕೂ ಮಧ್ಯೆ ಇದ್ದಿರಬಹುದಾದ, ಎಂದೂ ಇರದ ಊರು ಅದು. ಹೀಗೆ ಮಾಡಿದರೆ "ಇಲ್ಲಿ ನೀರಿನ ತೊಟ್ಟಿ ಇರಲಿಲ್ಲ" ಅಂತ ಯಾರೂ ಜಗಳಕ್ಕೆ ಬರುವ ಹಾಗಿಲ್ಲ.

ಎಲ್ಲ ಮಾಡಿ ಮುಗಿಸಿದ ಮೇಲೆ ಇಸವಿ ತಪ್ಪು ಅಂತ ಗೊತ್ತಾದರೆ?

ನನಗೆ ಆದದ್ದೇ ಅದು. ನಾನು ಮೊದಲು ಆರಿಸಿದ್ದು 1972ರ ಡಿಸೆಂಬರ್. ಕೆರೆಗೆ ಎರಡು ಸಲ ರೆಸಿನ್ (ಸುರಿದ ಮೇಲೆ ಗಟ್ಟಿಯಾಗಿ ನೀರಿನ ಹಾಗೆ ಕಾಣುವ ದ್ರವ) ಸುರಿದು, ಏರಿಯ ಅಂಚಿನವರೆಗೆ ತುಂಬಿಸಿ, ಒಂದು ಕೊಕ್ಕರೆಯನ್ನೂ ನಿಲ್ಲಿಸಿದ್ದೆ. ಗ್ಯಾಂಗ್‌ಮನ್ ತಾತ ಬಂದು ಬಗ್ಗಿ ನೋಡಿದರು. "ಎಪ್ಪತ್ತೆರಡಾ? ಆ ವರ್ಷ ಕೆರೆಯಲ್ಲಿ ಹುಡುಗರು ಗೋಲಿ ಆಡ್ತಿದ್ರಪ್ಪಾ" ಅಂದರು. ತೆಗೆದು ನೋಡಿದರೆ ಹೌದು, 1972ರಲ್ಲಿ ದೇಶದ ಬಹುಭಾಗಕ್ಕೆ ಮಳೆ ಕೈಕೊಟ್ಟಿತ್ತು, ಬರ ಬಿದ್ದಿತ್ತು.

ಗಟ್ಟಿಯಾದ ರೆಸಿನ್ ಕೀಳುವುದು ಅಂದರೆ ಹಲಗೆಯನ್ನೇ ಒಡೆದ ಹಾಗೆ. ಎರಡು ದಿನ ಯೋಚನೆ ಮಾಡಿದೆ. ಮೂರನೇ ದಿನ ಕೆರೆ ಬಿಟ್ಟು ಇಸವಿಯನ್ನು ಬದಲಾಯಿಸಿದೆ. 1970ರ ಮುಂಗಾರು ದೇಶದ ಮಟ್ಟಿಗೆ ಚೆನ್ನಾಗಿತ್ತು, ಕೆರೆ ತುಂಬಿತ್ತು ಅಂದರೆ ನಂಬಬಹುದು. ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಿಂದ ಬರೆದೆ. ಆಮೇಲೆ ಕೂತು ಎರಡು ವರ್ಷ ಹಿಂದಕ್ಕೆ ಹೋದೆ. ಕಿರಾಣಿ ಅಂಗಡಿ ಬೋರ್ಡಿನಿಂದ ಪಿನ್ ಕೋಡ್ ಕೆರೆದೆ. ಸ್ಟೇಷನ್ ಮುಂದೆ ನಿಂತಿದ್ದ ಚೇತಕ್ ಸ್ಕೂಟರ್ ಎತ್ತಿ ಡಬ್ಬಿಗೆ ಹಾಕಿ ಆ ಜಾಗಕ್ಕೆ ಒಂದು ಸೈಕಲ್ ಒರಗಿಸಿದೆ. ಗೋಡೆ ಮೇಲಿನ ಹಸು-ಕರುವಿಗೆ ಸುಣ್ಣ ಹೊಡೆದು, ಒಣಗಿದ ಮೇಲೆ ಜೋಡೆತ್ತು ಬರೆದು, ಉಪ್ಪು ಕಾಗದದಲ್ಲಿ ಮೆಲ್ಲಗೆ ಉಜ್ಜಿ ಮಾಸಲು ಮಾಡಿದೆ. ಕೊಕ್ಕರೆ ಅಲ್ಲೇ ಇದೆ.